ಹಳೆ ಪಂಪು, ಹೊಸ ಪಂಪು, ಎರಡು ತುಂಡು ಬೆಣ್ಣೆ

ಮನೆ ಅಳಿಯನಿಗೆ ಮನೆಯಲ್ಲಿ ತನ್ನದು ಅಂತ ಏನಿರುತ್ತದೆ ಹೇಳಿ. ಹಾಸಿಗೆಯಲ್ಲಿ ಕಿಟಕಿಯ ಕಡೆಯ ತಣ್ಣನೆ ಭಾಗ, ಊಟದ ಮೇಜಿನಲ್ಲಿ ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿ, ಕೋಟು ತೂಗುಹಾಕುವ ಗೂಟಗಳಲ್ಲಿ ಅಲ್ಲಾಡುವ ಕೊನೆಯ ಗೂಟ. ನನಗೆ ಇಷ್ಟರ ಮೇಲೆ ಒಂದು ನೆಲಮಾಳಿಗೆಯೂ ಇತ್ತು. ಈಗ ‘ಇತ್ತು’ ಅಂತಲೇ ಬರೆಯಬೇಕು.

ಡೆನ್ಮಾರ್ಕಿನ ಲೆಮ್ವಿಯಲ್ಲಿ, ನೆಲದೊಳಕ್ಕೆ ಚಾಚಿದ ಕಡಲಿನ ತೋಳಾದ ಫ್ಯೋರ್ಡಿನ ದಂಡೆಗೆ ಹತ್ತಿರ, ಕೆಂಪು ಇಟ್ಟಿಗೆಯ ಮನೆ ನಮ್ಮದು. ನಮ್ಮದು ಅಂದರೆ ನನ್ನ ಅತ್ತೆ ಗುಡ್ರುನ್ ಅವರದು. ಅವರ ಮಗಳು ಬೊಡಿಲ್ ನನ್ನ ಹೆಂಡತಿ. ಮಹಡಿ, ನಡುಮನೆ, ಅಡುಗೆಮನೆ, ಹಿತ್ತಲು ಎಲ್ಲ ಆ ತಾಯಿಮಗಳ ಸಾಮ್ರಾಜ್ಯ. ಜನ್ಮವಿಡೀ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನಾನು, ಟೋರ್ಕಿಲ್, ಅಲ್ಲಿನ ಬಡ ಪ್ರಜೆ. ಆದರೆ ಅಡುಗೆಮನೆಯ ಮೂಲೆಯ ಗಿಡ್ಡ ಬಾಗಿಲು ತೆಗೆದು, ತಲೆ ತಗ್ಗಿಸಿ, ಕಲ್ಲಿನ ಮೆಟ್ಟಿಲು ಇಳಿದರೆ ನಾನೇ ರಾಜಾಧಿರಾಜ. ಒಂದು ಹರಿದ ತೋಳುಕುರ್ಚಿ, ಒಂದು ಬ್ಯಾಟರಿ ರೇಡಿಯೋ, ಗೋಡೆಯ ಮೇಲೆ ಇಕ್ಕಳ ಸುತ್ತಿಗೆಗಳ ಸಾಲು, ಪಕ್ಕದಲ್ಲಿ ಬಿಯರ್ ಕ್ರೇಟು. ಬೊಡಿಲ್‌ಗೆ ಜೇಡ ಕಂಡರೆ ಭಯ, ಕೆಳಗೆ ಕಾಲಿಡುವುದಿಲ್ಲ. (ಅಲ್ಲಿನ ಜೇಡಗಳನ್ನು ನಾನು ಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದೇನೆ ಎನ್ನುವುದು ಅವಳಿಗೆ ಗೊತ್ತಿಲ್ಲ.) ಮಾವನವರು ತೀರಿಕೊಂಡ ಮೇಲೆ ಅತ್ತೆ ಇಳಿದದ್ದೇ ಇಲ್ಲ. ಹೀಗಾಗಿ ಭೂಮಂಡಲದಲ್ಲಿ ಯಾರೂ ನನ್ನನ್ನು ತಿದ್ದದ ಜಾಗ ಅದೊಂದೇ.

ಅಲ್ಲಿ ನನಗೊಬ್ಬ ಜೊತೆಗಾರನಿದ್ದ. ಅವನೇ ಹಳೆ ಪಂಪು. ರೇಡಿಯೇಟರುಗಳ ಬಿಸಿನೀರನ್ನು ಮನೆಯ ತುಂಬ ಸುತ್ತಿಸಿ, ತಣ್ಣಗಾದದ್ದನ್ನು ವಾಪಸು ಎಳೆದು ತರುವುದು ಅವನ ಕೆಲಸ. ಮಾವನವರು ಕೈಯಾರೆ ಕೂರಿಸಿದ್ದು. ಕುಂಬಳಕಾಯಿ ಗಾತ್ರದ ಎರಕದ ಕಬ್ಬಿಣ, ಮೇಲಿನ ಹಸಿರು ಬಣ್ಣ ಎದ್ದು ಹೋಗಿತ್ತು. ಚಳಿಗಾಲವಿಡೀ ಹಗಲಿರುಳು ‘ಹ್ಮ್‌ಮ್‌ಮ್’ ಅಂತ ಮೂಗಿನಲ್ಲೇ ರಾಗ ಎಳೆಯುತ್ತಿದ್ದ. ನಾವೆಲ್ಲ ಅವನನ್ನು ಮುದುಕ ಅಂತಲೇ ಕರೆಯುತ್ತಿದ್ದೆವು. ಆ ರಾಗ ಗೋಡೆಯೊಳಗೆ, ನೆಲದೊಳಗೆ, ನಮ್ಮ ಹಲ್ಲಿನೊಳಗೆ ಸೇರಿಹೋಗಿತ್ತು. ಸೇರಿಹೋಗಿದೆ ಅಂತ ಆಗ ಗೊತ್ತಿರಲಿಲ್ಲ, ಅಷ್ಟೆ.

ಎಲ್ಲ ಕೆಟ್ಟದ್ದು ಎವಾಲ್‌ನಿಂದ. ಎವಾಲ್ ನಮ್ಮ ಪಕ್ಕದ ಮನೆಯವನು, ಊರಿನ ಚಳಿಗಾಲದ ಈಜು ಸಂಘದ ಅಧ್ಯಕ್ಷ. ನಾನೂ ಅದರ ಸದಸ್ಯ. ದಿನಾ ಮಧ್ಯಾಹ್ನ ಬಂದರಿನ ಹತ್ತಿರ ಮಂಜುಗಡ್ಡೆ ಒಡೆದು ನೀರಿಗಿಳಿದು, ನೀಲಿಯಾಗಿ ಮೇಲೆ ಬಂದು, ‘ಆಹಾ, ಏನು ಹಿತ!’ ಅಂತ ಸುಳ್ಳು ಹೇಳುವ ಗಂಡಸರ ಸಂಘ. ಒಂದು ದಿನ ಹಬೆಕೋಣೆಯಲ್ಲಿ ಎವಾಲ್ ತೊಡೆ ತಟ್ಟಿ ಹೇಳಿದ, “ಹೊಸ ಪಂಪು ಹಾಕಿಸ್ದೆ ಕಣಯ್ಯಾ. ಎಷ್ಟು ಬೇಕೋ ಅಷ್ಟೇ ತಿರುಗತ್ತೆ. ಒಂದು ಸಣ್ಣ ಬಲ್ಬ್ ತಿನ್ನೋವಷ್ಟು ಕರೆಂಟೂ ತಿನ್ನಲ್ಲ. ನಿಮ್ಮನೇಲಿ ಇನ್ನೂ ಅದೇ ಓಬೀರಾಯನ ಕಾಲದ್ದಾ?”

ಗಣಿತದ ಮೇಷ್ಟ್ರಿಗೆ ಇಂಥ ಮಾತು ನಾಟುತ್ತದೆ. ಅಂದೇ ಕರೆಂಟು ಅಳೆಯುವ ಪುಟ್ಟ ಮೀಟರು ತಂದು, ನೆಲಮಾಳಿಗೆಯಲ್ಲಿದ್ದ ಏಕೈಕ ಸಾಕೆಟ್ಟಿಗೂ ಮುದುಕನಿಗೂ ನಡುವೆ ಸಿಕ್ಕಿಸಿ, ಒಂದು ವಾರ ಅಳೆದೆ. ಅಂಕಿಯನ್ನು ಎರಡು ಸಲ ಓದಿದೆ. ಅಡುಗೆಮನೆಯ ಫ್ರಿಜ್ಜು, ಟೀವಿ, ಬೊಡಿಲಳ ಕೂದಲು ಒಣಗಿಸುವ ಯಂತ್ರ ಮೂರೂ ಸೇರಿ ತಿನ್ನುವುದಕ್ಕಿಂತ ಹೆಚ್ಚನ್ನು ಮುದುಕನೊಬ್ಬನೇ ಕುಳಿತಲ್ಲೇ ತಿನ್ನುತ್ತಿದ್ದ.

ಬೆಳಗಿನ ಕಾಫಿಗೆ ಕೂತಾಗ ಘೋಷಿಸಿದೆ, “ಮುದುಕನ್ನ ತೆಗೆದು ಹೊಸ ಪಂಪು ಹಾಕಿಸ್ತೀನಿ.”

ಅತ್ತೆ ರೈ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿದರು. “ಅವನ ಮೇಲೆ ಒಬ್ರು ಕೂತ್ಕೋತಾರೆ.”

“ಯಾರತ್ತೆ?”

“ಯಾರು ಅಂದ್ರೆ? ಮನೆಯವನು. ನಿಸ್ಸೆ.”

ನಮ್ಮ ಕಡೆ ಪ್ರತಿ ಹಳೆ ಮನೆಗೂ ಒಬ್ಬ ನಿಸ್ಸೆ ಇರುತ್ತಾನೆ ಅಂತ ಅಜ್ಜಿಯರ ನಂಬಿಕೆ. ಬೂದು ಅಂಗಿ, ಕೆಂಪು ಟೋಪಿ, ಮೊಣಕಾಲೆತ್ತರದ ಅಜ್ಜಪ್ಪ. ಡಿಸೆಂಬರಿನಲ್ಲಿ ಅವನಿಗೆ ಅಕ್ಕಿಯ ಹಾಲುಗಂಜಿ ಇಡಬೇಕು, ಮೇಲೊಂದು ತುಂಡು ಬೆಣ್ಣೆ. ಬೆಣ್ಣೆ ಮರೆತ ಮನೆಯ ಕಥೆಗಳು ಚೆನ್ನಾಗಿ ಮುಗಿಯುವುದಿಲ್ಲ. ಅಂಗಡಿಯವರು ಕಾಗದದಲ್ಲಿ ಕತ್ತರಿಸಿದ ನಿಸ್ಸೆಯನ್ನು ಕಿಟಕಿಗೆ ಅಂಟಿಸಿ ಸುಮ್ಮನಾಗುತ್ತಾರೆ. ನನ್ನ ಅತ್ತೆ ಸುಮ್ಮನಾಗುವವರಲ್ಲ, ಪ್ರತಿ ಡಿಸೆಂಬರಿನಲ್ಲೂ ನೆಲಮಾಳಿಗೆಯ ಬಾಗಿಲು ಓರೆ ಮಾಡಿ ಮೇಲಿನ ಮೆಟ್ಟಿಲ ಮೇಲೆ ಬಟ್ಟಲು ಇಟ್ಟು ಬರುತ್ತಾರೆ.

“ಮೂವತ್ತು ವರ್ಷದಿಂದ ಆ ಬೆಚ್ಚಗಿನ ಪಂಪೇ ಅವನ ಪೀಠ,” ಅಂದರು ಅತ್ತೆ. “ಮುದಿ ಜೀವ. ಅದನ್ನ ಕಿತ್ಕೊಂಡ್ರೆ ಎಲ್ಲಿ ಕೂತ್ಕೋಬೇಕು?”

“ಹೊಸ ಪಂಪಿನ ಮೇಲೆ ಕೂತ್ಕೊಳ್ಲಿ.”

“ಅದು ಬಿಸಿ ಆಗತ್ತಾ?”

“ಬಿಸಿ ಆಗದೇ ಇರೋದೇ ಅದರ ಹೆಚ್ಚುಗಾರಿಕೆ ಅತ್ತೆ! ಬಿಸಿಯಾದ್ರೆ ಕರೆಂಟು ದಂಡ ಅಂತ ತಾನೇ?”

“ಸರಿ ಬಿಡು,” ಅಂದರು ಅತ್ತೆ. ಅವರು ‘ಸರಿ ಬಿಡು’ ಅಂದರೆ ಯಾವುದೂ ಸರಿಯಾಗಿಲ್ಲ, ಯಾವುದನ್ನೂ ಬಿಡುವುದಿಲ್ಲ ಅಂತ ಅರ್ಥ.

ಬೊಡಿಲ್ ಇಂಥ ಸಂದರ್ಭಕ್ಕೇ ಕಾದಿದ್ದವಳು. “ಪಂದ್ಯ ಕಟ್ಟೋಣ. ಹಳೇದನ್ನ ಒಂದು ವಾರ ಅಳೆದಿದೀಯ. ಹೊಸದನ್ನೂ ಒಂದು ವಾರ ಅಳಿ. ಹೊಸದು ಕಮ್ಮಿ ತಿಂದ್ರೆ ಅಮ್ಮನ ಮಗ್ಗ ಓರ್‌ಹೂಸ್‌ನಲ್ಲಿರೋ ನಮ್ಮಕ್ಕನ ಮನೆಗೆ. ಕಮ್ಮಿ ತಿನ್ಲಿಲ್ಲ ಅಂದ್ರೆ ಮಗ್ಗ ನೆಲಮಾಳಿಗೆಗೆ.”

ಅತ್ತೆಯ ಮಗ್ಗ ಅಂದರೆ ಸಾಮಾನ್ಯವಲ್ಲ, ನಡುಮನೆಯ ಅರ್ಧ ಅದೇ. ಅದು ನೆಲಮಾಳಿಗೆಗೆ ಇಳಿದರೆ ನನ್ನ ಕುರ್ಚಿ, ರೇಡಿಯೋ, ಕ್ರೇಟು, ಜೇಡಗಳು, ಸಕಲ ಸ್ವಾತಂತ್ರ್ಯ ಎಲ್ಲಕ್ಕೂ ಎಳ್ಳುನೀರು. ಆದರೂ ಒಪ್ಪಿಕೊಂಡೆ. ಸೋಲುವ ಲೆಕ್ಕವೇ ಅಲ್ಲ ಅದು. ಆನೆ ಒಂದು ಕಡೆ, ಇಲಿ ಒಂದು ಕಡೆ, ಯಾವುದು ಹೆಚ್ಚು ತಿನ್ನುತ್ತದೆ ಅಂತ ಪಂದ್ಯ ಕಟ್ಟಿದರೆ ಯಾರು ಬಿಡುತ್ತಾರೆ? (ಮಗ್ಗದ ಜೊತೆ ಮಗ್ಗದೊಡತಿಯೂ ಓರ್‌ಹೂಸ್‌ಗೆ ಹೋದಾರು ಎಂಬ ಆಸೆಯೂ ಇತ್ತು. ಈ ಸಾಲನ್ನು ಬೊಡಿಲ್‌ಗೆ ತೋರಿಸಬೇಡಿ.)

ಕೊಳಾಯಿಯವರು ಬಂದು ಮುದುಕನನ್ನು ಬಿಚ್ಚಿದರು. ವಯರನ್ನು ನಾನೇ ಇಕ್ಕಳದಿಂದ ಕಚಕ್ಕನೆ ಕತ್ತರಿಸಿದೆ. ಅವನನ್ನು ಬಿಸಾಡಲು ಮನಸ್ಸು ಬರದೆ ಗೋಡೆಯ ಹಲಗೆಯ ಮೇಲೆ ಎತ್ತಿಟ್ಟೆ. ಮುಷ್ಟಿ ಗಾತ್ರದ ಹೊಸ ಪಂಪು ಅವನ ಜಾಗದಲ್ಲಿ ಕೂತಿತು. ಕೊಳಾಯಿಯವರು ಬರಿಮೈಯಲ್ಲಿದ್ದ ಬಿಸಿನೀರಿನ ಕೊಳವೆಗಳಿಗೆಲ್ಲ ದಪ್ಪ ಹೊದಿಕೆ ಸುತ್ತಿ, ಇನ್ನು ಒಂದು ಚೂರು ಶಾಖವೂ ಪೋಲಾಗುವುದಿಲ್ಲ ಅಂತ ಹೇಳಿ ಹೋದರು.

ಆಮೇಲೆ ಮನೆ ಮೌನವಾಯಿತು.

ಈ ಮೌನವನ್ನು ಹೇಗೆ ಹೇಳಲಿ? ಅದುವರೆಗೆ ಮುದುಕನ ರಾಗದ ಕೆಳಗೆ ಅಡಗಿಕೊಂಡಿದ್ದ ಸದ್ದುಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಖಾಲಿ ಕೋಣೆಯ ರೇಡಿಯೇಟರು ಉಗುರಿನಿಂದ ತಟ್ಟಿದ ಹಾಗೆ ಟಿಕ್ ಟಿಕ್ ಅನ್ನುತ್ತಿತ್ತು. ಯಾರೂ ಹತ್ತದ ಮೆಟ್ಟಿಲು ಯಾರೋ ಹತ್ತಿದ ಹಾಗೆ ಕಿರ್ ಅನ್ನುತ್ತಿತ್ತು. ಮೂರೂವರೆಗೆಲ್ಲ ಕತ್ತಲು ಕವಿಯುವ ಕಾಲ ಬೇರೆ. ದೀಪ ಹಚ್ಚುವ ಮುಂಚಿನ ಆ ಹೊತ್ತಿನಲ್ಲಿ ಮೂವರೂ ಮಾತು ನಿಲ್ಲಿಸಿ ತಲೆ ಎತ್ತುತ್ತಿದ್ದೆವು. ಏನು ಕೇಳಿಸಿತು ಅಂತ ಯಾರೂ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ.

ಇನ್ನೊಂದು ತೊಂದರೆ. ಇದನ್ನು ನಿಮಗೆ ಮಾತ್ರ ಹೇಳುತ್ತೇನೆ. ಮುದುಕನೂ ಬರಿಮೈ ಕೊಳವೆಗಳೂ ‘ಪೋಲು’ ಮಾಡುತ್ತಿದ್ದ ಶಾಖದಿಂದಲೇ ನನ್ನ ನೆಲಮಾಳಿಗೆ ಬೆಚ್ಚಗಿತ್ತು. ಈಗ ಅದು ಬಾವಿಯ ತಳದ ಹಾಗಾಯಿತು. ಕುರ್ಚಿಯಲ್ಲಿ ಕೂತರೆ ಪಾದ ಮರಗಟ್ಟುತ್ತಿತ್ತು. ಆದ್ದರಿಂದ ಪಾದ ಕಾಯಿಸುವ ಒಂದು ಪುಟ್ಟ ಹೀಟರು ಪಕ್ಕದೂರಿನಿಂದ ಗುಟ್ಟಾಗಿ ತಂದೆ. (ಮಂಜು ಒಡೆದು ಈಜುವ ಗಂಡಸು ಪಾದಕ್ಕೆ ಹೀಟರು ಇಟ್ಟುಕೊಂಡಿದ್ದಾನೆ ಅಂತ ಸಂಘದಲ್ಲಿ ಗೊತ್ತಾದರೆ ಊರು ಬಿಡಬೇಕು.) ಮುದುಕನಿದ್ದ ಹಲಗೆಯ ಕೆಳಗಿನ ಖಾಲಿ ಬಿಯರ್ ಕ್ರೇಟಿನಲ್ಲಿ ಅದನ್ನು ಹುದುಗಿಸಿಟ್ಟೆ. ಸಂಜೆ ಕಾಲ ಮೇಲೆ ಕಂಬಳಿ ಹೊದ್ದು, ಪಾದವನ್ನು ಅದರ ಮುಂದೆ ಚಾಚಿ, ರೇಡಿಯೋ ಜೋರು ಮಾಡಿದರೆ ಸ್ವರ್ಗ. ಸಾಕೆಟ್ಟು ಒಂದೇ ಆದ್ದರಿಂದ ಅದೂ ಮೀಟರಿನ ಮೂಲಕವೇ ಓಡಬೇಕು, ನಿಜ. ಆದರೆ ಲೆಕ್ಕ ಹಾಕಿಯೇ ಇದ್ದೆ. ಹೊಸ ಪಂಪು ಉಳಿಸುವುದರಲ್ಲಿ ನನ್ನೆರಡು ಪಾದಗಳಿಗೆ ಧಾರಾಳವಾಗಿ ಜಾಗವಿತ್ತು. ಏಳುವಾಗ ಗುಂಡಿಯನ್ನು ಕೊನೆಗೆ, ಹಿಮದ ಹೂವಿನ ಚಿತ್ರದವರೆಗೆ, ನಾನೇ ತಿರುಗಿಸುತ್ತಿದ್ದೆ. ಹಿಮಕ್ಕಿಂತ ತಣ್ಣಗಿನದು ಏನಿದೆ? ಅಲ್ಲಿಗೆ ಅದು ಆರಿದ ಹಾಗೆ.

ಹೀಗಿರುವಾಗ ಮೀಟರು ಓಡತೊಡಗಿತು.

ಮೊದಲ ದಿನ ಕಣ್ಣು ಮೋಸ ಅಂದುಕೊಂಡೆ. ಎರಡನೆಯ ದಿನ ಕನ್ನಡಕ ಒರೆಸಿಕೊಂಡು ನೋಡಿದೆ. ಇಲಿ ಆನೆಯಷ್ಟು ತಿನ್ನುತ್ತಿತ್ತು! ಬೆಳಿಗ್ಗೆ ನೋಡಿದರೆ ಸಾಧು. ಈಜಿ ಬಂದು ನೋಡಿದರೆ ಅಂಕಿಗಳು ದಡಬಡ ಏರಿರುತ್ತಿದ್ದವು. ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ನಡುಮಧ್ಯಾಹ್ನ ಕಳೆದು ಕತ್ತಲಾಗುವ ಹೊತ್ತಿನಲ್ಲಿ, ಕೆಳಗೆ ಏನೋ ನಡೆಯುತ್ತಿತ್ತು.

“ಇವತ್ತು ಹಾಡ್ತಿದ್ದ,” ಅಂದರು ಅತ್ತೆ, ಊಟಕ್ಕೆ ಕೂತಾಗ.

“ಯಾರು?”

“ಮುದುಕ. ಅಡುಗೆಮನೆ ನೆಲದ ಕೆಳಗೆ. ಮೊದಲಿನ ಹಾಗೇ, ಹ್ಮ್‌ಮ್ ಅಂತ.”

“ಅತ್ತೆ, ಅವನ ವಯರನ್ನ ನಾನೇ ಕತ್ತರಿಸಿದೀನಿ.”

“ನಂಗೊತ್ತು ಕಣಪ್ಪ. ಅದಕ್ಕೇ ಹೇಳಿದ್ದು.”

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಬೊಡಿಲ್ ನಗಲಿಲ್ಲ, ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತ, “ನಾನೂ ಕೇಳಿದೆ,” ಅಂದಳು.

ಕೆಳಗೆ ಹೋದೆ. ದೀಪ ಹಾಕಿದೆ. ಮುದುಕ ಹಲಗೆಯ ಮೇಲೆ, ಇಟ್ಟಲ್ಲೇ ಇದ್ದ. ಕತ್ತರಿಸಿದ ವಯರಿನ ತುಂಡು ಬಾಲದ ಹಾಗೆ ಕೆಳಗೆ ಜೋತಿತ್ತು. ಏನೋ ತೋಚಿ ಕೈ ಚಾಚಿ ಅವನ ಮೈ ಮುಟ್ಟಿದೆ.

ಬೆಚ್ಚಗಿತ್ತು.

ಆಗತಾನೇ ಯಾರೋ ಎದ್ದು ಹೋದ ಕುರ್ಚಿ ಇರುತ್ತದಲ್ಲ, ಹಾಗೆ. ನಾನು ಮೇಲೆ ಬಂದೆ. ಮೆಟ್ಟಿಲನ್ನು ಎರಡೆರಡು ಹಾರಿ ಬಂದೆ ಅಂತ ಬೊಡಿಲ್ ಹೇಳುತ್ತಾಳೆ, ಅದು ಉತ್ಪ್ರೇಕ್ಷೆ. ಮೇಲಿನ ಮೆಟ್ಟಿಲಲ್ಲಿ ಅತ್ತೆಯ ಗಂಜಿ ಬಟ್ಟಲು ಕಾಲಿಗೆ ತಗುಲಿತು. ಖಾಲಿ. ನೆಕ್ಕಿದಷ್ಟು ಖಾಲಿ.

ಮಲಗಿ ಯೋಚಿಸಿದೆ. ಭಯ ಬಿಟ್ಟು ಬುದ್ಧಿಗೆ ಕೆಲಸ ಕೊಟ್ಟೆ. ಪಂದ್ಯದಲ್ಲಿ ನಾನು ಸೋತರೆ ಲಾಭ ಯಾರಿಗೆ? ಅತ್ತೆಗೆ. ನಾನು ಈಜಲು ಹೋದಾಗ ಮನೆಯಲ್ಲಿರುವವರು ಯಾರು? ಅತ್ತೆ. ಮುದುಕನಿಗೆ ಹೊಸ ವಯರು ಸಿಕ್ಕಿಸಿ, ನನ್ನ ಮೀಟರಿಗೆ ಚುಚ್ಚಿ, ಮಧ್ಯಾಹ್ನವೆಲ್ಲ ಬರಿದೇ ಓಡಿಸಿ, ನಾನು ಬರುವಷ್ಟರಲ್ಲಿ ಕಿತ್ತಿಡುವ ಕೈಚಳಕ ಯಾರಿಗಿದೆ? ಮೂವತ್ತು ವರ್ಷ ಮಾವನವರ ಪಕ್ಕದಲ್ಲಿ ನಿಂತು ಸ್ಪಾನರು ಕೊಟ್ಟ ಆ ಕೈಗೆ! ನಿಸ್ಸೆಯಂತೆ, ಪೀಠವಂತೆ. ಹಿಡಿದೇಬಿಡುತ್ತೇನೆ ಅಂತ ಹಲ್ಲು ಕಚ್ಚಿದೆ.

ಮರುದಿನ ಈಜಿಗೆ ಹೊರಟವನಂತೆ ಟವೆಲ್ಲು ಕಂಕುಳಲ್ಲಿಟ್ಟು ಮುಂಬಾಗಿಲಿಂದ ಹೋದೆ. ಹೆಂಗಸರು ನಡುಮನೆಯಲ್ಲಿದ್ದಾಗ ಹಿಂಬಾಗಿಲಿಂದ ಬಂದು ನೆಲಮಾಳಿಗೆ ಸೇರಿದೆ. ಮೆಟ್ಟಿಲ ಅಡಿಯಲ್ಲಿ ಹಳೆ ಹಿಮಬಂಡಿಗಳ ಹಿಂದೆ ಮಂಡಿ ಮಡಿಸಿ ಕೂತೆ. ದೀಪ ಹಾಕುವ ಹಾಗಿಲ್ಲ. ಮೇಲಿನ ಗಾಳಿಗಿಂಡಿಯ ಗಾಜಿನಿಂದ ಬೂದು ಬೆಳಕು ಒಂದಿಷ್ಟು ಬರುತ್ತಿತ್ತು. ಅದೂ ಸ್ವಲ್ಪ ಸ್ವಲ್ಪವೇ ಆರುತ್ತಿತ್ತು. ಹೊಸ ಪಂಪು ತನ್ನ ಪಾಡಿಗೆ ಸದ್ದಿಲ್ಲದೆ ತಿರುಗುತ್ತಿತ್ತು. ಹಲಗೆಯ ಮೇಲೆ ಮುದುಕ ಬೆನ್ನು ಬಾಗಿಸಿ ಕೂತವನಂತೆ ಕಾಣುತ್ತಿದ್ದ.

ಎಷ್ಟು ಹೊತ್ತಾಯಿತೋ. ಪಾದ ಯಾವುದು, ನೆಲ ಯಾವುದು ತಿಳಿಯದಾಯಿತು.

ಇದ್ದಕ್ಕಿದ್ದಂತೆ ಗಾಳಿಗಿಂಡಿ ನರಳಿತು. ಹೊರಗಿನಿಂದ ಒಂದು ಕೈ ಬಂತು. ಬಿಳಿಚಿದ, ಗಂಟುಗಂಟಿನ ಕೈ, ಬೂದು ತೋಳು. ಗಿಂಡಿಯ ಬಾಗಿಲನ್ನು ಒಳಗೆ ತಳ್ಳಿ, ಕೊಕ್ಕೆಗೆ ಸಿಕ್ಕಿಸಿ, ಮಾಯವಾಯಿತು. ಹಿಮಗಾಳಿ ದೊಪ್ಪನೆ ನೆಲಕ್ಕೆ ಬಿದ್ದು ಕತ್ತಲಲ್ಲಿ ಹರಡಿಕೊಂಡಿತು. ನಾನು ಉಸಿರು ಹಿಡಿದೆ. ಗಿಂಡಿಯಿಂದ ಮೆತ್ತಗೆ ಏನೋ ಕೆಳಕ್ಕೆ ಹಾರಿತು. ಸದ್ದಿಲ್ಲದ ಪುಟ್ಟ ಪಾದಗಳು ನನ್ನ ಮುಂದೆಯೇ ಮೆಟ್ಟಿಲು ಹತ್ತಿದವು. ಮೇಲೆ ಬಟ್ಟಲು ಅಲುಗಿತು. ಚಪ್ ಚಪ್ ಚಪ್.

ಆಮೇಲೆ ಹಲಗೆಯ ಕಡೆಯಿಂದ ‘ಹ್ಮ್‌ಮ್‌ಮ್’ ಶುರುವಾಯಿತು.

ಅದೇ ರಾಗ. ಅದರ ಕೆಳಗೆ, ಮೊಣಕಾಲೆತ್ತರದಲ್ಲಿ, ಕೆಂಪಗೆ ಏನೋ ಹೊತ್ತಿಕೊಂಡಿತು. ಟೋಪಿಯ ತುದಿಯಷ್ಟು ಕೆಂಪು. ಬೆಚ್ಚನೆಯ ಉಸಿರೊಂದು ಬಂದು ನನ್ನ ಮುಖಕ್ಕೆ ತಗುಲಿತು.

ನಾನು ನಾಸ್ತಿಕ. ಮೂವತ್ತೈದು ವರ್ಷ ಮಕ್ಕಳಿಗೆ ತರ್ಕ ಹೇಳಿಕೊಟ್ಟವನು. ಆ ಎಲ್ಲ ತರ್ಕವನ್ನೂ ಒಟ್ಟುಗೂಡಿಸಿ ‘ಅಯ್ಯಯ್ಯೋ’ ಅಂತ ಕಿರುಚಿದೆ. ಹಿಮಬಂಡಿಗಳನ್ನು ಉರುಳಿಸಿ, ತೊಲೆಗೆ ಹಣೆ ಜಜ್ಜಿಕೊಂಡು, ಗಂಜಿ ಬಟ್ಟಲನ್ನು ಒದ್ದು ಅಡುಗೆಮನೆಯ ನಡುವೆ ಬಂದು ಬಿದ್ದೆ.

ಅಡುಗೆಮನೆಯಲ್ಲಿ ಬೊಡಿಲ್ ಇದ್ದಳು. ಹಿತ್ತಲಿಂದ ಆಗಷ್ಟೇ ಒಳಗೆ ಬಂದ ಅತ್ತೆ ಬೂದು ಕೋಟು ಬಿಚ್ಚುತ್ತಿದ್ದರು. ‘ಮೇಷ್ಟ್ರು ಯಾಕೆ ಈಜಿಗೆ ಬರ್ಲಿಲ್ಲ’ ಅಂತ ವಿಚಾರಿಸಲು ಬಂದ ಎವಾಲ್ ಕೈಯಲ್ಲಿ ಕಾಫಿ ಹಿಡಿದು ನಿಂತಿದ್ದ. ನನ್ನ ಗ್ರಹಚಾರ.

“ಕೆಳಗೆ... ಅವನು ಕೂತಿದಾನೆ! ಕೆಂಪು ಟೋಪಿ! ಉಸಿರಾಡ್ತಿದಾನೆ!”

“ಬೆಣ್ಣೆ ಹಾಕಿದ್ನಲ್ಲ,” ಅಂದರು ಅತ್ತೆ ಚಿಂತೆಯಿಂದ.

ಎವಾಲ್ ಟಾರ್ಚು ಹಿಡಿದು ಮುಂದೆ, ಬೊಡಿಲ್ ಜೇಡಗಳನ್ನೂ ಮರೆತು ಅವನ ಹಿಂದೆ, ಅತ್ತೆ ಅವಳ ಹಿಂದೆ, ಹಣೆಗೆ ತಣ್ಣೀರು ಬಟ್ಟೆ ಒತ್ತಿಕೊಂಡು ನಾನು ಕೊನೆಗೆ. ಎವಾಲ್ ಮುದುಕನನ್ನು ನೋಡಿದ. ಅವನ ಕೆಳಗೆ ಬಗ್ಗಿದ. ಕ್ರೇಟಿನೊಳಗೆ ಕೈ ಹಾಕಿ ಎತ್ತಿದ. ಕೆಂಪು ದೀಪ ಉರಿಸಿಕೊಂಡು, ಹ್ಮ್‌ಮ್ ಅಂತ ಬಿಸಿಗಾಳಿ ಊದುತ್ತಿದ್ದ ನನ್ನ ಹೀಟರು.

ಎವಾಲ್ ಅದರ ಬೆನ್ನಿಗೆ ಅಂಟಿಸಿದ್ದ ಚೀಟಿಯನ್ನು ಜೋರಾಗಿ ಓದಿದ. “‘ಪಾದಗಳಿಗೆ ಹಿತವಾದ ಶಾಖ.’ ಯಾರ ಪಾದಕ್ಕಪ್ಪ ಇದು?”

“ಆರಿಸಿದ್ದೆ ನಾನು!” ಅಂದೆ. “ಹಿಮದ ಹೂವಿಗೆ ತಿರುಗಿಸಿದ್ದೆ!”

ಬೊಡಿಲ್ ಗುಂಡಿ ನೋಡಿದಳು. ಅವಳು ‘ಮೇಷ್ಟ್ರೇ’ ಅಂತ ಶುರುಮಾಡಿ ಬಹುವಚನಕ್ಕೆ ಏರಿದರೆ ನನ್ನ ಕಥೆ ಮುಗಿದ ಹಾಗೆ. “ಮೇಷ್ಟ್ರೇ, ಹಿಮದ ಹೂವು ಅಂದ್ರೆ ಆರೋದಲ್ಲ. ಚಳಿ ಹೆಪ್ಪುಗಟ್ಟೋ ಹಾಗಾದ್ರೆ ತಾನಾಗೇ ಹತ್ತಿಕೊಳ್ಳೋದು. ಎಲ್ಲ ರೇಡಿಯೇಟರಿನ ಗುಂಡಿ ಮೇಲೂ ಇದೇ ಗುರುತಿದೆ. ನೀವು ಹುಟ್ಟಿದಾಗಿನಿಂದ ಇದೆ.”

“ಆದ್ರೆ ಇಲ್ಲಿ ಅಷ್ಟು ಚಳಿ ಹೇಗಾಯ್ತು?”

“ಗಾಳಿ ಬದಲಾಯಿಸಬೇಡ್ವಾ?” ಅಂದರು ಅತ್ತೆ. ಮನೆಯಲ್ಲಿ ಕೋಣೆಕೋಣೆಗೂ ದಿನಕ್ಕೊಮ್ಮೆ ಕಿಟಕಿ ಪೂರ್ತಿ ತೆಗೆದು ಹೊಸ ಗಾಳಿ ತುಂಬಿಸದಿದ್ದರೆ ನಮ್ಮ ಜನಕ್ಕೆ ಉಂಡದ್ದು ಮೈಗೆ ಹತ್ತುವುದಿಲ್ಲ. ಹೊರಗೆ ಹಿಮ ಬೀಳಲಿ, ಬೆಂಕಿ ಬೀಳಲಿ. “ಮಗ್ಗ ಬರೋ ಜಾಗ, ಉಣ್ಣೆಗೆ ತೇವ ತಗುಲಬಾರ್ದು ಅಂತ ಹೊರಗಿಂದಾನೇ ದಿನಾ ಗಿಂಡಿ ತೆಗೀತಿದ್ದೆ. ಕಾಫಿ ಆದ್ಮೇಲೆ ಮುಚ್ಚಿದ್ರೆ ಆಯ್ತು.”

ಆ ಗಿಂಡಿ ನೇರವಾಗಿ ನನ್ನ ಕ್ರೇಟಿನ ಮೇಲೆಯೇ ಇತ್ತು. ಹಿಮಗಾಳಿ ಬಿದ್ದ ಕೂಡಲೇ ಹೀಟರು ಎದ್ದು ಕೂತು ಡೆನ್ಮಾರ್ಕನ್ನೆಲ್ಲ ಬೆಚ್ಚಗೆ ಮಾಡಲು ಹೊರಡುತ್ತಿತ್ತು. ಮೇಲೆ ಮುದುಕ ಅದರ ಶಾಖ ಕುಡಿದು ಕೂತಿರುತ್ತಿದ್ದ. ಮೆಟ್ಟಿಲ ಮೇಲಿಂದ ‘ಮಿಯಾಂವ್’ ಅಂತು. ಎವಾಲ್‌ನ ಬೆಕ್ಕು, ಬಾಯೊರೆಸಿಕೊಳ್ಳುತ್ತಿತ್ತು. “ಈಚೆಗೆ ಯಾಕಿಷ್ಟು ದಪ್ಪ ಆಗ್ತಿದೆ ಅಂದ್ಕೊಂಡೆ,” ಅಂದ ಎವಾಲ್. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂದಿತ್ತು.

ಸಂಘದಲ್ಲಿ ನನಗೆ ಈಗೇನು ಹೆಸರು ಅಂತ ಕೇಳಬೇಡಿ.

ಆದರೆ ನೆಲಮಾಳಿಗೆ? ಅದನ್ನು ನೆನೆದರೆ ಅಳು ಬಂತು. ನಿಜವಾಗಿಯೇ ಬಂತು. “ಬೊಡಿಲ್, ತಪ್ಪು ನನ್ನ ಪಾದದ್ದು. ಪಂಪಿನದ್ದಲ್ಲ. ಅದಕ್ಕೂ ನ್ಯಾಯ ಬೇಡ್ವಾ? ಇನ್ನೊಂದು ವಾರ ಕೊಡು.”

ಬೊಡಿಲ್‌ಗೆ ನನ್ನ ಹಣೆಯ ಗುಬುಟು ನೋಡಿ ಕರುಣೆ ಬಂದಿರಬೇಕು. ಕ್ರಿಸ್ಮಸ್ ಕಳೆದ ಮೇಲೆ ಒಂದು ವಾರ ಅಂತ ತೀರ್ಪು ಕೊಟ್ಟಳು. ಕರಾರುಗಳೂ ಅವಳದೇ. ಹೀಟರು ಮೇಲಕ್ಕೆ, ಅತ್ತೆಯ ಪಾದಸೇವೆಗೆ. ಗಾಳಿಗಿಂಡಿಗೆ ಮೊಳೆ. ಸಾಕೆಟ್ಟಿನಲ್ಲಿ ಹೊಸ ಪಂಪು ಬಿಟ್ಟು ಬೇರೆ ಏನೂ ಇರಕೂಡದು. ಬಾಗಿಲಿಗೆ ಬೀಗ, ಬೀಗದ ಕೈ ಅವಳ ಏಪ್ರನ್ನಿನ ಜೇಬಿನಲ್ಲಿ. ಅತ್ತೆ, ನಾನು, ಬೆಕ್ಕು, ಯಾರೂ ಇಳಿಯುವ ಹಾಗಿಲ್ಲ.

“ಮತ್ತೆ ಅವನ ಗಂಜಿ?” ಅಂದರು ಅತ್ತೆ.

“ಗಂಜಿ ತಿಂದಿದ್ದು ಬೆಕ್ಕು ಅತ್ತೆ!”

“ಬೆಕ್ಕು ತಿಂದಿದ್ದು ಬೆಕ್ಕಿಂದು. ಅವನದ್ದು ಅವನಿಗೆ ಇಡ್ಬೇಕು.”

“ಒಂದು ವಾರ ಉಪವಾಸ ಇರ್ಲಿ ಬಿಡಿ, ಆರೋಗ್ಯಕ್ಕೆ ಒಳ್ಳೇದು,” ಅಂದೆ. ಗೆಲುವು ಕಣ್ಣಮುಂದಿತ್ತು, ನಾಲಿಗೆಗೆ ಕಡಿವಾಣವಿರಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ‘ಸರಿ ಬಿಡು’ ಅಂತಲೂ ಅನ್ನಲಿಲ್ಲ. ಖಾಲಿ ಬಟ್ಟಲು ಮೇಲಿನ ಮೆಟ್ಟಿಲಲ್ಲೇ ಉಳಿಯಿತು, ಬೊಡಿಲ್ ಬೀಗ ಹಾಕಿದಳು.

ಆ ವಾರ ಮನೆ ಇನ್ನಷ್ಟು ಮೌನವಾಯಿತು. ಗಂಟೆಗಟ್ಟಲೆ ಟಿಕ್ ಅಂತಲೂ ಸದ್ದಿಲ್ಲ. ನಾನು ಕುಣಿಯುತ್ತಲೇ ದಿನ ಎಣಿಸಿದೆ. ಓರ್‌ಹೂಸ್‌ಗೆ ಮಗ್ಗ ಸಾಗಿಸಲು ವ್ಯಾನಿನವನನ್ನೂ ವಿಚಾರಿಸಿದೆ.

ವಾರ ಮುಗಿದ ದಿನ, ಬೆಳಕು ಇಳಿಯುತ್ತಿದ್ದ ಹೊತ್ತಿಗೆ, ಬೊಡಿಲ್ ಬೀಗದ ಕೈ ಕೊಟ್ಟಳು. “ಹೋಗು, ಓದ್ಕೊಂಡು ಬಾ. ಮೋಸ ಮಾಡ್ಬೇಡ.”

ಬೀಗ ಹಾಕಿದ ಹಾಗೇ ಇತ್ತು. ತೆಗೆದೆ. ದೀಪ ಹಾಕಿ ಇಳಿದೆ. ಗಿಂಡಿಯ ಮೊಳೆಗಳು ಹೊಡೆದ ಹಾಗೇ ಇದ್ದವು, ಗಾಜಿನ ಹೊರಮೈಗೆ ಹಿಮ ಕಟ್ಟಿತ್ತು. ಸಾಕೆಟ್ಟಿನಲ್ಲಿ ಮೀಟರು, ಮೀಟರಿನಲ್ಲಿ ಹೊಸ ಪಂಪಿನ ಒಂದೇ ವಯರು. ಬಗ್ಗಿ ಅಂಕಿ ನೋಡಿದೆ.

ಮೊದಲ ವಾರ ಮುದುಕ ಎಷ್ಟು ತಿಂದಿದ್ದನೋ ಅಷ್ಟೇ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆ ಇಲ್ಲ.

ಆಗ ಗಮನಿಸಿದೆ, ನೆಲಮಾಳಿಗೆ ಬೆಚ್ಚಗಿತ್ತು. ನನ್ನ ಪಾದ ಬೆಚ್ಚಗಿತ್ತು. ನಿಧಾನಕ್ಕೆ ತಿರುಗಿದೆ. ಹಲಗೆಯ ಮೇಲೆ ಮುದುಕನಿದ್ದ, ಕತ್ತರಿಸಿದ ವಯರು ಜೋತೇ ಇತ್ತು. ಅವನ ತಲೆಯ ಮೇಲೆ ಗಂಜಿ ಬಟ್ಟಲು ಇತ್ತು. ಮೇಲಿನ ಮೆಟ್ಟಿಲಲ್ಲಿ ಬಿಟ್ಟುಹೋಗಿದ್ದ ಅದೇ ಬಟ್ಟಲು, ಬೋರಲು ಹಾಕಿ ಇಟ್ಟಿತ್ತು.

ಬೇಡ ಬೇಡ ಅಂದರೂ ಕೈ ಮುಂದೆ ಹೋಯಿತು. ಬಟ್ಟಲನ್ನು ಮೆಲ್ಲಗೆ ಎತ್ತಿದೆ, ಅದರಡಿಯ ಕಬ್ಬಿಣದ ಮೇಲೆ ಅಂಗೈ ಇಟ್ಟೆ. ಯಾರೋ ಕೂತಿದ್ದಷ್ಟು ಬೆಚ್ಚಗಿತ್ತು, ಕೂಡಲೇ ತೆಗೆದೆ. ತೆಗೆದು, “ಕ್ಷಮಿಸಿ,” ಅಂದೆ. ಯಾರಿಗೆ ಅಂದೆನೋ ಗೊತ್ತಿಲ್ಲ.

ಬಟ್ಟಲು ಹಿಡಿದು ಮೇಲೆ ಬಂದೆ. ಈ ಸಲ ಒಂದೊಂದೇ ಮೆಟ್ಟಿಲು, ಬಹಳ ಮರ್ಯಾದೆಯಿಂದ.

“ಎಷ್ಟು?” ಅಂದಳು ಬೊಡಿಲ್.

“ಸೋತೆ.”

ಮದುವೆಯಾದ ಮೇಲೆ ನನ್ನ ಬಾಯಿಂದ ಆ ಪದವನ್ನು ಅವಳು ಕೇಳಿದ್ದು ಅದೇ ಮೊದಲು, ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಅಮ್ಮಾ, ಗೆದ್ದೆ ನೀನು! ಮಗ್ಗ ಯಾವಾಗ ಇಳಿಸೋಣ?”

ಅತ್ತೆ ನನ್ನ ಹೀಟರಿನ ಮುಂದೆ ಪಾದ ಚಾಚಿ ಉಣ್ಣೆ ಬಿಡಿಸುತ್ತಿದ್ದರು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಬಟ್ಟಲು ನೋಡಿದರು.

“ಮಗ್ಗ ಇಲ್ಲೇ ಇರ್ಲಿ,” ಅಂದರು. “ಇನ್ನೊಬ್ರು ಇರೋ ಜಾಗಕ್ಕೆ ನಾವು ಹೋಗಿ ಕೂರಬಾರ್ದು.”

ನನ್ನ ತೋಳುಕುರ್ಚಿಯನ್ನೂ ರೇಡಿಯೋವನ್ನೂ ಮೇಲೆ ತರಬೇಕು ಅನ್ನಿಸಿತು. ತರಲು ಇಳಿಯಬೇಕಲ್ಲ ಅಂತಲೂ ಅನ್ನಿಸಿತು. ಅವು ಇವತ್ತಿಗೂ ಕೆಳಗೇ ಇವೆ. ಸಂಜೆ ಹೊತ್ತು ರೇಡಿಯೋ ಸಣ್ಣಗೆ ಕೇಳಿಸುತ್ತದೆ, ನಾವು ಯಾರೂ ಅದರ ಮಾತೆತ್ತುವುದಿಲ್ಲ.

“ಅತ್ತೆ,” ಅಂದೆ, “ಗಂಜಿ ಮಿಕ್ಕಿದೆಯಾ?”

“ಇದೆ. ಯಾಕೆ?”

“ಕೊಡಿ, ನಾನೇ ಇಟ್ಟು ಬರ್ತೀನಿ.”

ಅತ್ತೆ ಎದ್ದು ಬಟ್ಟಲು ತುಂಬಿದರು, ಮೇಲೆ ಒಂದು ತುಂಡು ಬೆಣ್ಣೆ ಇಟ್ಟರು.

“ಎರಡು ಹಾಕಿ, ಅತ್ತೆ.”